ಅವ್ವ ಕಂದಿಕೆರೆಗೆ ಹೋದದ್ದು

ಒಣಗಿದ ತೆಂಗಿನ ಚಿಪ್ಪು ಉರಿಯುವ ವಾಸನೆ ಎಲ್ಲಿಂದ ಬಂದರೂ ನಾನು ಅರಳಗುಪ್ಪೆಯ ನಮ್ಮ ಮನೆಯ ಬಚ್ಚಲೊಲೆಯ ಮುಂದೆ ನಿಂತಿರುತ್ತೇನೆ. ಅಂಥ ಒಲೆಯ ನೀರು ಮಿಂದು ಬೆಳೆದವರಿಗೆ ಹೇಳಬೇಕಾಗಿಲ್ಲ, ಆ ಹೊಗೆಯೊಳಗೇ ಎಣ್ಣೆಯ ಸಿಹಿ ಇರುತ್ತದೆ. ಒಲೆಗೆ ಚಿಪ್ಪು ಹಾಕುವುದು ನನ್ನ ಅಣ್ಣ ನಂಜುಂಡನ ಕೆಲಸ. ಒಂದು ಹಾಕಿ, ಹೊತ್ತಿಕೊಂಡಿತೇ ಎಂದು ಬಗ್ಗಿ ನೋಡಿ, ಆಮೇಲೆ ಇನ್ನೊಂದು. ಅವನು "ಕಾದದೆ" ಎನ್ನುವವರೆಗೆ ಅಪ್ಪನೂ ಟವೆಲ್ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದರು. ಅಣ್ಣ ನನಗಿಂತ ದೊಡ್ಡವನು. ಆದರೂ ಅವನ ಅಂಗಿಯ ಗುಂಡಿ ಹಾಕುತ್ತಿದ್ದವಳು ನಾನು. ನಡಿಗೆ, ಮಾತು, ಎಲ್ಲವೂ ಅವನಿಗೆ ತಡವಾಗಿ ಬಂದಿದ್ದವು. ಬೆಂಗಳೂರಿನ ಡಾಕ್ಟರು ಅದನ್ನು ಡೌನ್ ಸಿಂಡ್ರೋಮ್ ಎಂದಿದ್ದರಂತೆ. ಆ ಹೆಸರು ಅವ್ವನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಅವರು ಹೇಳಿದ ಇನ್ನೊಂದು ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಳು: ಇದು ಹುಟ್ಟುವ ಮೊದಲೇ ಆಗಿಹೋದದ್ದು, ಯಾರ ತಪ್ಪೂ ಅಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವ್ವನ ತವರು ಕಂದಿಕೆರೆಯಿಂದ ಸುದ್ದಿ ಬಂತು. ಅವಳ ಚಿಕ್ಕಪ್ಪನ ಮಗಳು ಸರ್ವಮಂಗಳಾ ಚಿಕ್ಕವ್ವನಿಗೆ ಹೆಣ್ಣು ಮಗುವಾಗಿದೆ, ಮಗು ನಂಜುಂಡನ ಹಾಗೇ ಇದೆ, ಬಾಣಂತಿ ಅದನ್ನು ಎತ್ತಿಕೊಳ್ಳುತ್ತಿಲ್ಲ. ಅವ್ವ ಮರುದಿನವೇ ಅಣ್ಣನಿಗೆ ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ನಮ್ಮಿಬ್ಬರನ್ನೂ ಬಸ್ಸು ಹತ್ತಿಸಿದಳು. "ಇವನ್ನ ಯಾಕೆ ಅಲ್ಲಿಗೆ?" ಎಂದು ಅಜ್ಜಿ ಗೊಣಗಿದರು. "ಇವನ್ನ ತೋರ್ಸಕ್ಕೇ ಹೋಗ್ತಿರೋದು ಅತ್ತೆ" ಎಂದಳು ಅವ್ವ.

ಬಾಣಂತಿ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ವಾಸನೆ. ಚಿಕ್ಕವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಬಾಯಿಗಿಟ್ರೂ ಚೀಪಲ್ಲ ಅಕ್ಕ. ಉಳಿಯೋ ಕೂಸಲ್ಲ ಅಂತಾರೆ ಎಲ್ಲಾರೂ. ನಾನೇನು ಪಾಪ ಮಾಡಿದ್ದೆ?"

"ಪಾಪನೂ ಇಲ್ಲ, ಎಂಥದೂ ಇಲ್ಲ ಬುಡು. ಇವ್ನೂ ಹಂಗೇ ಮಾಡ್ದ ಕಣೆ. ಬ್ಯಾಡ ಅಂತಲ್ಲ, ಬಿಗಿಯಾಗಿ ಹಿಡ್ಕಳಕ್ಕೆ ತ್ರಾಣ ಇರಲ್ಲ. ತಲೆ ಒಸಿ ಮೇಲೆತ್ತು, ಗದ್ದ ಹಿಂಗೆ ಹಿಡ್ಕೊ."

ಚಿಕ್ಕವ್ವ ತಿರುಗಲಿಲ್ಲ. ಅಷ್ಟರಲ್ಲಿ ನಡುಮನೆಯಲ್ಲಿ ರೊಟ್ಟಿ ತಿಂದು ಮುಗಿಸಿದ ಅಣ್ಣ ತನ್ನ ತಟ್ಟೆ ತಾನೇ ತೊಳೆದಿಟ್ಟು ಒಳಗೆ ಬಂದ. ತೊಟ್ಟಿಲೊಳಗೆ ಇಣುಕಿ, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, "ಪಾಪಂಗೆ ಅಸಿವು" ಎಂದ. ತೊದಲು ಮಾತು, ಆದರೂ ಎಲ್ಲರಿಗೂ ತಿಳಿಯಿತು. ಚಿಕ್ಕವ್ವ ನಿಧಾನಕ್ಕೆ ಹೊರಳಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ತಟ್ಟೆ ಅವ್ನೇ ತೊಳ್ಕಂಡ್ನಾ?" ಎಂದು ಕೇಳಿದಳು. ಆಮೇಲೆ ಮಗುವಿಗಾಗಿ ಕೈ ಚಾಚಿದಳು. ಅವ್ವ ಅವಳ ಬೆರಳುಗಳನ್ನು ಮಗುವಿನ ಗದ್ದದಡಿ ಇಟ್ಟು ತೋರಿಸಿದಳು. ಎಷ್ಟೋ ಹೊತ್ತಿನ ಮೇಲೆ ಮಗು ಗುಟುಕರಿಸಿದ ಸದ್ದು ಕೇಳಿತು.

ಮುಂದಿನ ಮಾಗಿಯಲ್ಲಿ ಅಣ್ಣ ತೀರಿಕೊಂಡ. ಹೃದಯದಲ್ಲಿ ಹುಟ್ಟಿನಿಂದಲೇ ತೂತಿತ್ತು, ಸರಿಮಾಡುವ ಕಾಲ ಮೀರಿತ್ತು. ಕಂದಿಕೆರೆಗೆ ಹೋಗುವ ಮೊದಲೇ ಡಾಕ್ಟರು ಅವ್ವನಿಗೆ ಅದನ್ನು ಹೇಳಿದ್ದರು ಎಂದು ನಮಗೆಲ್ಲ ತಿಳಿದದ್ದು ಆಗಲೇ. ಚಿಕ್ಕವ್ವ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಂದಿದ್ದಳು. ಅವ್ವನ ಪಕ್ಕ ಕೂತು, "ಅವತ್ತು ಯಾಕಕ್ಕ ಒಂದು ಮಾತೂ ಹೇಳ್ಲಿಲ್ಲ?" ಎಂದು ಅತ್ತಳು.

"ಅವತ್ತು ನಿನ್ ಮಗಳು ಹಾಲು ಕುಡೀಬೇಕಿತ್ತು ಕಣೆ" ಎಂದಳು ಅವ್ವ.

ಅರಳಗುಪ್ಪೆಯ ಆ ಮನೆ ಈಗ ಇಲ್ಲ, ಅವ್ವನೂ ಇಲ್ಲ. ಚಿಕ್ಕವ್ವನ ಆ ಮಗಳು ಗೌರಿ ದೊಡ್ಡವಳಾಗಿದ್ದಾಳೆ, ಹೂ ಕಟ್ಟುತ್ತಾಳೆ, ಎಡಬಿಡದೆ ಮಾತಾಡುತ್ತಾಳೆ. ನಾನು ಹೋದಾಗಲೆಲ್ಲ "ದೊಡ್ಡವ್ವ ಬರ್ಲಿಲ್ವಾ?" ಎಂದು ಕೇಳುತ್ತಾಳೆ. "ದೊಡ್ಡವ್ವ ಇಲ್ಲ ಕಣೆ" ಎನ್ನುತ್ತೇನೆ. ಆಗ ಅವಳು ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟು, ಪಕ್ಕಕ್ಕೆ ಸರಿದು, ನನಗೂ ಚಾಪೆಯ ಮೇಲೆ ಜಾಗ ಮಾಡಿಕೊಡುತ್ತಾಳೆ.