ರಾಣಿಯ ಕೂದಲು ಮಾತು ಕೇಳಿದ ಮಧ್ಯಾಹ್ನ

ನಾಟಕ ಕಂಪನಿಯಲ್ಲಿ ಎಲ್ಲರೂ ಅವಳನ್ನು ಜಡೆಯಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ರಂಗದ ಹಿಂದಿನ ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು, ರಾಜರಿಗೂ ಭಿಕ್ಷುಕರಿಗೂ ತಲೆ ಬಾಚಿದವಳು. ಹೊಸ ನಾಟಕದ ಮೊದಲ ಪ್ರದರ್ಶನದಲ್ಲಿ ಅವಳ ಮಾನ ಹರಾಜಾಯಿತು.

ಕೊನೆಯ ದೃಶ್ಯದಲ್ಲಿ, ಮಗನನ್ನು ಕಳೆದುಕೊಂಡ ರಾಣಿ ಕಿರೀಟ ತೆಗೆದಿಡಬೇಕು. ತೆಗೆದಳು. ಚಟಚಟ ಸದ್ದಾಗಿ, ಉದ್ದ ಕೂದಲೆಲ್ಲ ಮುಳ್ಳುಹಂದಿಯ ಹಾಗೆ ಎದ್ದು ನಿಂತಿತು. ಅಳಬೇಕಾದ ಜನ ಬಿದ್ದು ಬಿದ್ದು ನಕ್ಕರು.

ಪರದೆ ಬಿದ್ದದ್ದೇ ತಡ, ನಿರ್ದೇಶಕ ಕೋಣೆಗೆ ನುಗ್ಗಿದ. “ಏನಮ್ಮ ಇದು? ಸ್ವಲ್ಪ ಸ್ಪ್ರೇ ಹೊಡೆಯೋಕೂ ಆಗಲ್ವಾ?”

“ಅರ್ಧ ಡಬ್ಬಿ ಹೊಡೆದಿದ್ದೆ ಸಾರ್.”

“ನಾಳೆ ಮಧ್ಯಾಹ್ನವೂ ಹೀಗೇ ಆದ್ರೆ ಬೇರೆಯವರನ್ನ ಕರೆಸ್ತೀನಿ, ಅಷ್ಟೇ.”

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದಳು. ಚಳಿಗೆಂದು ಇಡೀ ದಿನ ಉರಿಯುವ ಹೀಟರು ಕೋಣೆಯ ಗಾಳಿಯಲ್ಲಿ ಪಸೆಯೇ ಇಲ್ಲದಂತೆ ಮಾಡಿತ್ತು. ಅವಳ ತುಟಿಯೂ ಒಡೆದಿತ್ತು. ಹೀಟರಿನ ಪಕ್ಕ ಅಗಲ ಪಾತ್ರೆಯಲ್ಲಿ ನೀರಿಟ್ಟಳು, ಒದ್ದೆ ಟವೆಲುಗಳನ್ನು ಹರವಿದಳು. ಪ್ಲಾಸ್ಟಿಕ್ ಬಾಚಣಿಗೆ ಮೂಲೆ ಸೇರಿತು, ಮರದ್ದು ಹೊರಬಂತು. ಆಮೇಲೆ ಕಿರೀಟವನ್ನೆತ್ತಿ ಅದರ ಒಳಬಟ್ಟೆಯನ್ನು ಮುಂಗೈಗೆ ಉಜ್ಜಿದಳು. ನಿನ್ನೆಯದೇ ಚಟಚಟ ಸದ್ದು, ಕೈಯ ರೋಮವೆಲ್ಲ ಎದ್ದಿತು. ಸಿಕ್ಕಿಬಿದ್ದ ಕಳ್ಳ!

ಕಂಪನಿಯ ದರ್ಜಿ ಅವಳ ಮೈದುನನೇ. ಕೂಗಿ ಕರೆದಳು.

“ಇದರೊಳಗೆ ಯಾವ ಬಟ್ಟೆ ಹೊಲಿದಿದೀಯಪ್ಪ?”

“ನೈಲಾನ್, ಅತ್ತಿಗೆ. ಮಿರಮಿರ ಮಿಂಚುತ್ತೆ ಅಂತ.”

“ಕಿರೀಟದ ಒಳಗೆ ಮಿಂಚಿದ್ರೆ ನೋಡೋಕೆ ಇರೋದು ಹೇನು ಮಾತ್ರ. ಬಿಚ್ಚು!”

ಅವನು ಹಲ್ಲುಕಿರಿದು ಹೊಲಿಗೆ ಬಿಚ್ಚಿದ. ತೊಳೆದು ತೊಳೆದು ಮೆತ್ತಗಾದ ಹತ್ತಿಯ ಬಟ್ಟೆ ಹಾಕಿ ಮತ್ತೆ ಹೊಲಿದ.

ರಾಣಿಯ ಪಾತ್ರದ ಹುಡುಗಿ ಮುಖ ಬಾಡಿಸಿಕೊಂಡು ಕನ್ನಡಿಯ ಮುಂದೆ ಕೂತಳು. “ಅಕ್ಕಾ, ಇವತ್ತೂ ನಕ್ಕುಬಿಟ್ರೆ?”

“ಅಳೋದು ನಿನ್ನ ಕೆಲಸ. ಕೂದಲು ನನ್ನ ಕೆಲಸ.” ಜಡೆಯಮ್ಮ ಎರಡೇ ಹನಿ ಎಣ್ಣೆಯನ್ನು ಒದ್ದೆ ಅಂಗೈಯಲ್ಲಿ ತಿಕ್ಕಿ, ಕೂದಲ ತುದಿಯಿಂದ ಮೇಲಕ್ಕೆ ಮೆಲ್ಲಗೆ ಸವರಿದಳು.

ಕೊನೆಯ ದೃಶ್ಯ ಬಂತು. ಪರದೆಯ ಮರೆಯಲ್ಲಿ ಜಡೆಯಮ್ಮ ಮೈದುನನ ಪಕ್ಕ ನಿಂತಿದ್ದಳು. ರಾಣಿ ಕಿರೀಟ ತೆಗೆದಳು. ಕೂದಲು ಸರ್ರನೆ ಜಾರಿ ಭುಜದ ಮೇಲೆ ಇಳಿಯಿತು, ಒಂದೆಳೆಯೂ ಮೇಲೇಳಲಿಲ್ಲ. ಸಭಾಂಗಣ ಗಪ್‌ಚಿಪ್. ಮೂರನೇ ಸಾಲಿನಲ್ಲಿ ಯಾರೋ ಬಿಕ್ಕಿದರು. ಹಿಂದೆ ಇನ್ನೊಬ್ಬರು ಮೂಗು ಸೀಟಿದರು.

“ಅಳ್ತಿದಾರೆ ಕಣೋ, ಎಲ್ಲರೂ ಅಳ್ತಿದಾರೆ!” ಅವಳು ಖುಷಿಯಿಂದ ಮೈದುನನ ತೋಳನ್ನು ಹಿಂಡಿದ ಬಿರುಸಿಗೆ ಅವನ ಕಣ್ಣಲ್ಲೂ ನೀರು ಬಂತು.

ನಿರ್ದೇಶಕ ಈ ಸಲ ಬಾಗಿಲು ತಟ್ಟಿ ಒಳಬಂದ. “ಯಾವ ಸ್ಪ್ರೇ ಹೊಡೆದ್ರಮ್ಮ?”

“ಸ್ಪ್ರೇ ಅಲ್ಲ ಸಾರ್, ತಲೆ ಓಡಿಸಿದ್ವಿ. ಇನ್ಮೇಲೆ ತಲೆಗೆ ಏರೋ ಬಟ್ಟೆ ಯಾವುದೇ ಇರಲಿ, ನನ್ನ ಕೇಳದೆ ತರಬೇಡಿ.”

“ಆಗಲಿ” ಎಂದ, ತಲೆ ತಗ್ಗಿಸಿ.

ಮುಂದಿನ ನಾಟಕದ ಕರಪತ್ರದಲ್ಲಿ ‘ಕೇಶಾಲಂಕಾರ’ ಎಂಬ ಹೊಸ ಸಾಲೊಂದಿತ್ತು, ಎದುರಿಗೆ ಅವಳ ಪೂರ್ತಿ ಹೆಸರು. ಅದನ್ನು ಅವಳು ತಾನೇ ಓದಿಕೊಳ್ಳಲಿಲ್ಲ. ಎಲ್ಲರೆದುರು ಮೈದುನನ ಕೈಲಿ ಮೂರು ಸಲ ಗಟ್ಟಿಯಾಗಿ ಓದಿಸಿದಳು.