ಜಲಜಕ್ಕನ ಬೈಕು ಮತ್ತು ನನ್ನ ಬಾಯಿ

ಜಲಜಕ್ಕನ ಎಡಗೈ ಮುರಿದದ್ದರಲ್ಲಿ ನನ್ನ ಬಾಯಿಯ ಪಾಲು ದೊಡ್ಡದು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಡೆಯಲ್ಲಿ ಹೇಳಿದರೆ ನೀವು ಅದನ್ನೂ ನನ್ನ ಮಿಮಿಕ್ರಿ ಎಂದುಕೊಳ್ಳುತ್ತೀರಿ. ಸಿಂದಗಿಯಲ್ಲಿ ನನ್ನನ್ನು ಬಲ್ಲವರಿಗೆ ಆಶ್ಚರ್ಯವಾಗಲಿಕ್ಕಿಲ್ಲ. ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಅಪ್ಪನ ಬೈಗುಳ ಎಲ್ಲವನ್ನೂ ಮಾಡಿ ತೋರಿಸಿ ಪೆಟ್ಟು ತಿಂದೇ ಬೆಳೆದ ಬಾಯಿ ಇದು.

ಮಣಿಪಾಲದ ಕನ್ನಡಕದಂಗಡಿಯೊಂದರಲ್ಲಿ ಗಾಜು ಉಜ್ಜುವ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಮಣಿಪಾಲದ ಬಾಡಿಗೆ ನನ್ನಂಥವನಿಗೆ ಎಟುಕುವುದಲ್ಲ. ಉಡುಪಿ ದಾಟಿ ಉದ್ಯಾವರದಲ್ಲಿ ಒಂದು ಕೋಣೆ ಹಿಡಿದೆ. ಮೊದಲ ಬೆಳಗ್ಗೆ, ಇನ್ನೂ ಬೆಳಕು ಸರಿಯಾಗಿ ಬಿಟ್ಟಿರಲಿಲ್ಲ, ಕಿಟಕಿಯ ಕೆಳಗೆ ಯಾರೋ ಬೈಕಿಗೆ ಒದೆಯುತ್ತಿದ್ದರು. ನೋಡಿದರೆ ನೈಟಿಯ ಮೇಲೆ ಗಂಡಸರ ಅಂಗಿ, ತಲೆಗೆ ಹೆಲ್ಮೆಟ್ಟು, ಹಿಂದಿನ ಸೀಟಿನಲ್ಲಿ ಹಗ್ಗ ಬಿಗಿದ ಥರ್ಮೋಕೋಲ್ ಪೆಟ್ಟಿಗೆ. ನಲವತ್ತು ದಾಟಿದ ಹೆಂಗಸು. ಮೂರನೇ ಒದೆತಕ್ಕೆ ಬೈಕು ಸ್ಟಾರ್ಟಾಯಿತು, ನನ್ನ ಮೂಗಿಗೆ ಮೀನಿನ ವಾಸನೆ ಬಡಿಯಿತು. ಮೊಟ್ಟೆಯನ್ನೂ ದೂರವಿಡುವ ಮನೆಯವನು ನಾನು. ಕಿಟಕಿ ಮುಚ್ಚಿ, ಸೆಕೆ ತಾಳದೆ ಮತ್ತೆ ತೆರೆದೆ.

ಅವರೇ ಜಲಜಕ್ಕ, ಕೋಣೆಯ ಯಜಮಾನಿ. ಮಲ್ಪೆ ಬಂದರಿನಲ್ಲಿ ಬೆಳಗಿನ ಏಲಂ, ಅಂದರೆ ಹರಾಜು, ಹಿಡಿದು ಮೀನು ತಂದು ಕಾಪುವಿನಲ್ಲಿ ಮನೆಮನೆಗೆ ಮಾರುತ್ತಿದ್ದರು. ಏಲಂಗೆ ಮೊದಲು ಮುಟ್ಟಿದವರಿಗೆ ಒಳ್ಳೆಯ ರಾಶಿ, ತಡವಾದವರಿಗೆ ಐಸಿನಲ್ಲಿ ಮಲಗಿದ ಹಳೆಯದು. ಹದಿನಾರು ವರ್ಷ ಗಂಡನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತು ಹೋದವರು. ಇಬ್ಬರು ಕೂತರೆ ಪೆಟ್ಟಿಗೆಗೆ ಜಾಗವಿಲ್ಲ, ಹಾಗಾಗಿ ಪೆಟ್ಟಿಗೆ ತೊಡೆಯ ಮೇಲೆ, ಎರಡೂ ಕೈ ಪೆಟ್ಟಿಗೆಯ ಮೇಲೆ. ಗಂಡ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಕಡಲ ಬದಿಯ ರಸ್ತೆಯಲ್ಲಿ ಬಿದ್ದೆದ್ದು ಕಲಿತು, ಲೈಸೆನ್ಸೂ ಮಾಡಿಸಿಕೊಂಡರು.

"ಹಿಂದೆ ಕೂತಾಗ ಎಂತ ಕಾಣ್ತದೆ ಮಾರಾಯ?" ಎಂದು ಒಮ್ಮೆ ಅವರೇ ಹೇಳಿದ್ದರು. "ಹೋಗುವಾಗ ರಸ್ತೆಯ ಒಂದು ಪಕ್ಕ, ಬರುವಾಗ ಇನ್ನೊಂದು ಪಕ್ಕ. ಎದುರಿನ ದಾರಿ ಹೇಗುಂಟು ಅಂತ ಗೊತ್ತಾದದ್ದು ಇವರು ಹೋದ ಮೇಲೆ."

ಕಾರ್ಕಳದ ತಂಗಿಯ ಮನೆಗೆ ಒಬ್ಬರೇ ಬೈಕಿನಲ್ಲಿ ಹೋಗಿ ಬಂದ ದಿನ ನನ್ನ ಬಾಗಿಲು ತಟ್ಟಿ ಸುದ್ದಿ ಹೇಳಿದ್ದರು. ಇಲ್ಲಿ ನನ್ನ ಬಾಗಿಲು ತಟ್ಟುವವರು ಬೇರೆ ಯಾರೂ ಇರಲಿಲ್ಲ. ಅಂಗಡಿಯಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತಿದ್ದರು, ನಾನು ಅಂದಾಜಿನಲ್ಲಿ ನಗುತ್ತಿದ್ದೆ. ಕುಚ್ಚಲಕ್ಕಿ ಗಂಜಿಯನ್ನು ನುಂಗಲು ಕಲಿತಿದ್ದೆ, ಒಬ್ಬನೇ ಉಣ್ಣುವುದನ್ನು ಕಲಿತಿರಲಿಲ್ಲ. ಹಾಗಾಗಿ ಉದ್ಯಾವರದ ಗಣೇಶೋತ್ಸವದ ವೇದಿಕೆಯಲ್ಲಿ ಐದು ನಿಮಿಷ ಕೊಡುತ್ತೇವೆ ಎಂದಾಗ ಹಿಗ್ಗಿಬಿಟ್ಟೆ.

ಪ್ಲಾಸ್ಟಿಕ್ ಕುರ್ಚಿಯೇ ಬೈಕು, ನಾನೇ ಜಲಜಕ್ಕ. ಒದೆದೆ, ನಾಯಿಗೆ ಬೈದೆ, ಓಲಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಮೂರನೇ ಸಾಲಿನಲ್ಲಿ ಜಲಜಕ್ಕನೂ ನಕ್ಕರು. ಅಲ್ಲಿಗೆ ಇಳಿದಿದ್ದರೆ ಆಗುತ್ತಿತ್ತು. ನಾನು ತಲೆಯೆತ್ತಿ, ಆಕಾಶದಿಂದ ಗಂಡನ ದನಿ ಬರುವಂತೆ ಮಾಡಿದೆ: "ಗೇರು ಹಾಕು ಮಾರಾಯ್ತಿ, ಗೇರು. ಇಲ್ಲದಿದ್ದರೆ ನೀನೂ ಇಲ್ಲಿಗೇ ಬರ್ತೀ." ಆ ಮನುಷ್ಯನ ದನಿಯನ್ನು ನಾನು ಕೇಳಿದವನೇ ಅಲ್ಲ. ಎಲ್ಲಕ್ಕಿಂತ ದೊಡ್ಡ ನಗೆ ಬಿದ್ದದ್ದು ಅದಕ್ಕೇ. ಜಲಜಕ್ಕನ ಕುರ್ಚಿ ಮಾತ್ರ ಖಾಲಿಯಾಗಿತ್ತು.

ಯಾರೋ ಅದನ್ನು ಫೋನಿನಲ್ಲಿ ಹಿಡಿದಿದ್ದರು. ಎರಡು ದಿನದಲ್ಲಿ ಬಂದರಿನ ಗಂಡಸರು ಜಲಜಕ್ಕನನ್ನು ಕಂಡರೆ ಮೇಲೆ ನೋಡಿ "ಗೇರು ಹಾಕು" ಎನ್ನತೊಡಗಿದರು. ಮೂರನೇ ದಿನ ಅವರ ಮೈದುನ ಮೋಹನ ಬಂದ. ಗಲಾಟೆ ಮಾಡಲಿಲ್ಲ.

"ನಿಮ್ಮ ಘಟ್ಟದ ಮೇಲೆ ಸತ್ತವರನ್ನು ಹೀಗೆ ಕುಣಿಸ್ತಾರಾ?" ಎಂದು ನನ್ನನ್ನು ಕೇಳಿದ. ಆಮೇಲೆ ಅವನು ಜಗಲಿಯ ಗೋಡೆಯ ಮೊಳೆಯಿಂದ ಬೈಕಿನ ಕೀಲಿ ತೆಗೆದು, "ಅಣ್ಣನ ಗಾಡಿ ಊರಿನ ನಗಾಟಕ್ಕೆ ಬೇಡ ಅತ್ತಿಗೆ. ಏಲಂಗೆ ನಾನು ಕರ್ಕೊಂಡು ಹೋಗ್ತೇನೆ" ಎಂದು ಕಿಸೆಗೆ ಹಾಕಿಕೊಂಡ.

ಜಲಜಕ್ಕ ಮತ್ತೆ ಹಿಂದೆ ಕೂತರು. ಪೆಟ್ಟಿಗೆ ಮತ್ತೆ ತೊಡೆಗೆ ಬಂತು. ಮೋಹನ ಎದ್ದಾಗ ಬೆಳಗು, ಅವನು ಚಹಾ ಮುಗಿಸಿದಾಗ ಏಲಂ. ಐಸಿನ ಮೀನು ಕಂಡು ಕಾಪುವಿನ ಎರಡು ಮನೆಯವರು ಬೇರೆಯವರಲ್ಲಿ ಕೊಳ್ಳತೊಡಗಿದರು. ಒಂದೂವರೆ ತಿಂಗಳ ನಂತರ, ಕಟಪಾಡಿ ದಾಟುವಾಗ, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡಿದ್ದ ಮೋಹನ ಬಸ್ಸಿಗೆ ಬೆದರಿ ಬ್ರೇಕು ಒತ್ತಿದ. ಅವನಿಗೆ ಹಿಡಿಯಲು ಹ್ಯಾಂಡಲ್ ಇತ್ತು. ಜಲಜಕ್ಕನಿಗೆ ಪೆಟ್ಟಿಗೆ ಇತ್ತು. ರಸ್ತೆಗೆ ಬಿದ್ದ ಅವರ ಎಡ ಮಣಿಕಟ್ಟು ಎರಡು ಕಡೆ ಮುರಿಯಿತು. ಕ್ಲಚ್ಚು ಹಿಡಿಯುವ ಕೈ. ಮುಷ್ಟಿ ಪೂರ್ತಿ ಮುಚ್ಚುವುದು ಸಂಶಯ ಎಂದರು ಡಾಕ್ಟರು.

ಎಳ್ಳಮಾವಾಸ್ಯೆಗೆ ಊರಿಗೆ ಹೋದೆ. ಹೊಲಕ್ಕೆ ಹೊರಟ ಅಪ್ಪನ ಬೈಕಿನ ಹಿಂದಿನ ಸೀಟಿನಲ್ಲಿ ಅವ್ವ ಸಜ್ಜೆ ರೊಟ್ಟಿಯ ಗಂಟು ತೊಡೆಯಲ್ಲಿಟ್ಟು, ಎರಡೂ ಕೈಯಲ್ಲಿ ಅದನ್ನು ಅವುಚಿ ಕೂತಿದ್ದಳು. ಹುಟ್ಟಿದಾಗಿನಿಂದ ಕಂಡ ನೋಟ. ಈ ಸಲ ಓಡಿಹೋಗಿ ಗಾಡಿ ತಡೆದೆ.

"ಎಂತ ಅವ್ವಾ, ಗಾಡಿ ಹಿಡ್ಕೊಂಡು ಕುಂಡ್ರು" ಎಂದೆ.

"ಮತ್ತ ಗಂಟು ಯಾರ ಹಿಡೀತಾರ, ನೀನ?" ಎಂದು ಅವ್ವ ನನ್ನ ಮುಖ ದಿಟ್ಟಿಸಿದಳು. "ಎಂತ ಅಂದ್ರ ಏನೋ? ಯಾರ ಮಗಾ ನೀ?"

ಗೆಳೆಯರು ಮಿಮಿಕ್ರಿ ಮಾಡು ಎಂದು ಕಾಡಿದರು. ಗಂಟಲು ನೋವೆಂದು ತಪ್ಪಿಸಿಕೊಂಡೆ. "ಸಮುದ್ರದ ಕಡಿಯಾವ ಆಗ್ಯಾನ, ಇನ್ನೇನು ಮಾಡ್ತಾನ" ಎಂದರು. ತಿರುಗಿ ಉದ್ಯಾವರದಲ್ಲಿ ಬಸ್ಸಿಳಿದರೆ ಚಹಾದಂಗಡಿಯ ಬೆಂಚಿನಲ್ಲಿ, "ಓ, ಘಟ್ಟದವ ಬಂದ". ಆ ಊರಿಗೆ ನನ್ನ ಮಾತು ಹೊರಗಿನದು, ಈ ಊರಿಗೆ ನಾನೇ ಹೊರಗಿನವನು. ಕೋಣೆ ಬಿಟ್ಟು ಹೋಗಿಬಿಡಬಹುದಿತ್ತು. ಮುರಿದ ಕೈಯನ್ನು ಹಿಂದೆ ಬಿಟ್ಟು ಹೋಗುವುದು ಹೇಗೆಂದು ತಿಳಿಯಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ವಾರ ಜಗಲಿಯಲ್ಲಿ ಮೂವರೂ ಇದ್ದೆವು. ಜಲಜಕ್ಕ ಒದ್ದೆ ಬಟ್ಟೆಯೊಂದನ್ನು ಎಡಗೈಯಲ್ಲಿ ಹಿಂಡಲು ನೋಡುತ್ತಿದ್ದರು. ನಾಲ್ಕು ಹನಿ ಬೀಳುತ್ತಿತ್ತು, ಅಷ್ಟೇ. ಹಿಂಡುತ್ತಲೇ ಮೋಹನನಲ್ಲಿ ಬೈಕಿನ ಕೀಲಿ ಕೇಳಿದರು.

"ಈ ಕೈಯಲ್ಲಿ ಎಂತ ಬೈಕು ಅತ್ತಿಗೆ?" ಎಂದ ಮೋಹನ. ಅವನ ಕಣ್ಣು ನೆಲದಲ್ಲಿತ್ತು. "ಇನ್ನು ಫೋನು ಮನೆಯಲ್ಲೇ ಇಟ್ಟು ಬರ್ತೇನೆ. ನಿಧಾನ ಬಿಡ್ತೇನೆ. ಹಿಂದೆ ಕೂತ್ಕೊಳ್ಳಿ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅವನು ಬೇಡ ಅಕ್ಕ, ನಮ್ಮ ಅಂಗಡಿಯವರ ಸ್ಕೂಟರ್ ಉಂಟು. ತಪ್ಪು ನನ್ನದು. ದಿನಾ ನಾನೇ ಕೂರಿಸಿಕೊಂಡು ಹೋಗ್ತೇನೆ" ಎಂದೆ.

ಆ ಕೈ ಮುಂದೆ ಕ್ಲಚ್ಚು ಹಿಡಿದೀತೋ ಇಲ್ಲವೋ, ಇದನ್ನು ಬರೆಯುವ ಹೊತ್ತಿಗೂ ನನಗೆ ಗೊತ್ತಿಲ್ಲ. ಆದರೆ ಕೀಲಿಯನ್ನು ಮೋಹನ ಅಂದೇ ಜಗಲಿಯ ಮೇಲಿಟ್ಟು ಹೋದ. ನಾನೂ ಎದ್ದು ಕೋಣೆಗೆ ಹೋದೆ. ನಾವು ಏಳುವ ಮೊದಲು ಜಲಜಕ್ಕ ಬಟ್ಟೆಯನ್ನು ಕೆಳಗಿಟ್ಟು ನಮ್ಮಿಬ್ಬರಿಗೂ ಸೇರಿಸಿ ಹೇಳಿದ ಮಾತು ಇದು:

"ಇನ್ನು ಬೀಳುವುದಾದರೆ ಮುಂದೆ ಕೂತೇ ಬೀಳ್ತೇನೆ. ಯಾಕೆ ಬಿದ್ದೆ ಅಂತಾದರೂ ನನಗೆ ಗೊತ್ತಿರ್ತದೆ."