ನಾತಾಳದ ಖೇಲದಲ್ಲಿ ಕೇಳಿದ ದನಿ

ದೆವ್ವ, ಭೂತ, ಮೈಮೇಲೆ ಬರುವುದು ಇವೆಲ್ಲ ನನಗೆ ಆಗಿಬರುವುದಿಲ್ಲ. ದೃಷ್ಟಿಯಾಗಿ ಎಮ್ಮೆಯ ಹಾಲು ಬತ್ತಿತು ಎಂದು ನೆರೆಮನೆಯವಳು ಗೋಳಾಡಿದರೆ, "ಹಿಂಡಿ ಎಷ್ಟ ಹಾಕ್ತೀಬೇ?" ಎಂದು ಕೇಳುವವಳು ನಾನು. ಈಗಲೂ ಹಾಗೆಯೇ ಇದ್ದೇನೆ. ಆದರೆ ಒಂದು ಸಂಜೆಯನ್ನು ಮಾತ್ರ ಏನು ಮಾಡಬೇಕೋ ತಿಳಿಯದೆ ಇಷ್ಟು ವರ್ಷ ಇಟ್ಟುಕೊಂಡಿದ್ದೇನೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಅದು ಜರ್ಮನ್ ಲಡಾಯಿಯ ಕಾಲ. ನಮ್ಮವರು ಪಲ್ಟನ್ನಿಗೆ ಸೇರಿ ಸಮುದ್ರದಾಚೆಯ ಬಸರಾಕ್ಕೆ ಹೋಗಿದ್ದರು. ಮೊದಮೊದಲು ಕಾಗದ ಬರುತ್ತಿತ್ತು, ಆಮೇಲೆ ನಿಂತೇಹೋಯಿತು. ಬದುಕಿದ್ದಾರೆಂದು ಹೇಳುವವರೂ ಇಲ್ಲ, ಸತ್ತರೆಂದು ಹೇಳುವವರೂ ಇಲ್ಲ. ತುಕ್ಕಾನಟ್ಟಿಯ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಬಳೆಗಾರ ಬಂದರೆ ಕೈ ಚಾಚಲೂ ಹೆದರಿಕೆ, ಚಾಚದೆ ಇರಲೂ ಹೆದರಿಕೆ.

ನಾಗನೂರಿನಲ್ಲಿ ಹೆಂಡತಿ ಸತ್ತ ಒಬ್ಬನಿಗೆ ನನ್ನನ್ನು ಉಡಕಿ ಮಾಡಿಕೊಡಲು ಅಪ್ಪ ಮಾತು ಗಟ್ಟಿ ಮಾಡಿಕೊಂಡು ಬಂದ. ಗಂಡನಿಲ್ಲದವಳಿಗೆ ಮತ್ತೊಂದು ಮದುವೆ ಮಾಡುವುದಕ್ಕೆ ನಮ್ಮಲ್ಲಿ ಉಡಕಿ ಎನ್ನುತ್ತಾರೆ. ಅತ್ತೆಯದು ಒಂದೇ ಮಾತು: "ನನ್ನ ಮಗ ಸತ್ತಾನಂತ ಯಾರರ ಬಂದು ಹೇಳ್ಲಿ, ನಾನ ಕಳಸ್ತೇನಿ. ಅಲ್ಲೀತನಕ ಆಕಿ ನನ್ನ ಸೊಸಿ."

ಅಷ್ಟರಲ್ಲಿ ಸುದ್ದಿ ಬಂತು. ಗೋಕಾಕದ ಜಲಪಾತದ ಹತ್ತಿರ ಗಿರಣಿಯ ಸಾಹೇಬರು ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ ಹಬ್ಬಕ್ಕೆ, ಆಟ-ತಮಾಷೆಯ ದೊಡ್ಡ ಖೇಲ ಇಡಿಸಿದ್ದಾರೆ, ಬಸರಾದಿಂದ ರಜೆಗೆ ಬಂದ ಸಿಪಾಯಿಗಳನ್ನೂ ಕರೆದಿದ್ದಾರೆ ಎಂದು. ಅತ್ತೆ ಅಪ್ಪನಿಂದಲೇ ಚಕ್ಕಡಿ ಹೂಡಿಸಿದರು.

ಅಬ್ಬಬ್ಬಾ, ಏನು ವೈಭವ! ಊರಗಲದ ಹಂದರ, ನಾವು ಹುಟ್ಟಿ ಕಂಡಿರದ ಕರೆಂಟಿನ ದೀಪ, ಕೊಂಬೆಕೊಂಬೆಗೂ ಬಣ್ಣದ ಗಾಜಿನ ಗುಂಡು ತೂಗುಬಿಟ್ಟ ಗಿಡ. ಹಗ್ಗದ ಮೇಲೆ ನಡೆಯುವ ಹುಡುಗಿ, ಬೆಂಕಿ ನುಂಗುವವ, ಪೆಟ್ಟಿಗೆ ಬಾರಿಸುತ್ತ ಹಾಡುವ ಮೇಮಸಾಹೇಬ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅತ್ತೆ ಮಾತ್ರ ಒಬ್ಬೊಬ್ಬ ಸಿಪಾಯಿಯ ಮುಂದೂ ಸೆರಗೊಡ್ಡಿ ಕೇಳುತ್ತಿದ್ದರು: "ಯಪ್ಪಾ, ಮಾತಾಡೂವಾಗ ಉಗ್ಗತಾನ್ರಿ ನನ್ನ ಮಗ. ಎಲ್ಲೆರ ನೋಡೀರೇನ್ರಿ?" ಎಲ್ಲರೂ ತಲೆ ಅಲ್ಲಾಡಿಸಿದರು. ಕೊನೆಯವನು ಮುಖ ತಿರುಗಿಸಿಕೊಂಡ. 

ಸೋತು ಬಂದು ಕುಳಿತೆವು. ಮುಂಬಯಿಯ ಕಡೆಯ ಒಬ್ಬ ನಕಲಿ ಮಾಡುವವ ಪರದೆಯ ಮುಂದೆ ಬಂದ. ನಾಯಿಯಂತೆ ಬೊಗಳಿದ, ಕೋಳಿಯಂತೆ ಕೂಗಿದ. ಆಮೇಲೆ ಬಾಯಿಗೆ ಕೈ ಹಿಡಿದು ರೈಲು ಹೊರಡಿಸಿದ. ಗಾರ್ಡನ ಸೀಟಿ, ಉಗಿ ಬಿಡುವ ಸದ್ದು, ಅದರ ನಡುವೆ ಸ್ಪಷ್ಟವಾಗಿ, "ಯವ್ವಾ, ಬ... ಬ... ಬರ್ತೇನಿ."

ನಮ್ಮವರ ದನಿ! 'ಬ' ಅಕ್ಷರಕ್ಕೆ ಬಂದರೆ ಅವರು ಹಾಗೆಯೇ ತಡವರಿಸುತ್ತಿದ್ದರು. ನಾನು ತಿರುಗುವಷ್ಟರಲ್ಲಿ ಅತ್ತೆಯ ಉಗುರು ನನ್ನ ಮುಂಗೈಯಲ್ಲಿ ಇಳಿದಿತ್ತು. ಅವರಿಗೂ ಕೇಳಿಸಿತ್ತು. ಬಾಜೂದಲ್ಲೇ ಕುಳಿತ ಅಪ್ಪನಿಗೆ ರೈಲಿನ ಸದ್ದು ಬಿಟ್ಟರೆ ಏನೂ ಕೇಳಿಸಿರಲಿಲ್ಲ.

ಅತ್ತೆ ಎದ್ದು ಪರದೆಯ ಹಿಂದೆ ಓಡಿದರು. ಆ ಮನುಷ್ಯನಿಗೆ ಕನ್ನಡದ ಗಂಧವೂ ಇಲ್ಲ. ಅಪ್ಪ ಹರಕುಮುರುಕು ಹಿಂದುಸ್ತಾನಿಯಲ್ಲಿ ಕೇಳಿದ್ದಕ್ಕೆ, ತಾನು ಇಂಜಿನ್ನು, ಸೀಟಿ ಬಿಟ್ಟು ಮನುಷ್ಯರ ದನಿ ಮಾಡಲೇ ಇಲ್ಲವೆಂದ. "ಇನ್ನೊಮ್ಮೆ ಮಾಡೋ ಯಪ್ಪಾ, ನಿನ್ನ ಕಾಲಿಗೆ ಬೀಳ್ತೇನಿ" ಎಂದು ಅತ್ತೆ ಬಿದ್ದೇಬಿಟ್ಟರು. ಪಾಪ, ಅವನೂ ಮತ್ತೆ ಮತ್ತೆ ಮಾಡಿ ತೋರಿಸಿದ. ಬರೀ ರೈಲು.

ಚಕ್ಕಡಿಯಲ್ಲಿ ಅತ್ತೆ ನಗುತ್ತ ಅಳುತ್ತ ಒಂದೇ ಸಮನೆ ಹೇಳುತ್ತಿದ್ದರು: "ಬರ್ತೇನಿ ಅಂದಾನ ನನ ಕೂಸು! ಖರೆನ ಬರ್ತಾನ!"

ನನಗೆ ತಡೆಯಲಾಗಲಿಲ್ಲ. "ಅತ್ಯಾರ, ಹೋಗೂವಾಗನೂ ಮಂದಿ ಬರ್ತೇನಿ ಅಂತನ ಅಂತಾರಲ್ರಿ" ಎಂದುಬಿಟ್ಟೆ.

ಹೌದಲ್ಲ? ಹೊಸ್ತಿಲು ದಾಟುವಾಗ 'ಹೋಗ್ತೇನಿ' ಎಂದು ಯಾರು ಅನ್ನುತ್ತಾರೆ? ಅಪಶಕುನ. ಸಂತೆಗೆ ಹೊರಟವನೂ ಬರ್ತೇನಿ ಅನ್ನುತ್ತಾನೆ, ತಿರುಗಿ ಬಾರದ ಕಡೆಗೆ ಹೊರಟವನೂ ಅದನ್ನೇ ಅನ್ನುತ್ತಾನೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಬಂದ ದಾರಿಯ ಕಡೆ ತಿರುಗಿ ಕುಳಿತರು. 

ಸಂಕ್ರಮಣ ಕಳೆದ ಮೇಲೆ ಅವರೇ ನನ್ನ ಸೀರೆಗಳನ್ನು ಗಂಟು ಕಟ್ಟಿದರು. "ಅವ ಬರ್ತಾನೋ ಇಲ್ಲೋ, ನಾ ಕಾಯ್ತೇನಿ. ನಾ ಹಡದಾಕಿ. ನೀ ಯಾಕ ಕಾಯಬೇಕು? ಹೋಗು ಮಗಳ" ಎಂದರು. 'ಹೋಗಿ ಬಾ' ಅನ್ನಲಿಲ್ಲ. ಉಡಕಿಯಾದವಳು ಹಳೆಯ ಗಂಡನ ಮನೆಯ ಹೊಸ್ತಿಲು ಮತ್ತೆ ತುಳಿಯುವ ಹಾಗಿಲ್ಲ. ಗೊತ್ತಿದ್ದೂ, ಹೊರಗೆ ಕಾಲಿಡುವಾಗ ನನ್ನ ಬಾಯಿಂದ ಬಂದುಬಿಟ್ಟಿತು: "ಬರ್ತೇನ್ರಿ, ಅತ್ಯಾರ."

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನನ್ನನ್ನೇ ನೋಡಿದರು. "ಇದು ಯಾವ ಬರ್ತೇನಿ, ಮಗಳ?"

ನಾನು ಚಕ್ಕಡಿ ಹತ್ತಿದೆ. ನಮ್ಮವರು ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಆ ದನಿ ಎಲ್ಲಿಂದ ಬಂತೋ ಇವತ್ತಿಗೂ ತಿಳಿಯದು. ಅವರದು ಯಾವ ಬರ್ತೇನಿ ಎಂದು ನಾನು ಹೇಗೆ ಹೇಳಲಿ? ಅತ್ತೆ ಕೇಳಿದಾಗ ನನ್ನದೇ ನನಗೆ ಗೊತ್ತಿರಲಿಲ್ಲ.